ಚಿಕ್ಕಬಸಮ್ಮನ ನೂರ ಅರವತ್ತು ಕೈ

ಕಂಪಲಾಪುರದ ಚಿಕ್ಕಬಸಮ್ಮನಿಗೆ ಎರಡು ವಿಷಯದಲ್ಲಿ ಯಾರೂ ಎದುರು ಮಾತಾಡುತ್ತಿರಲಿಲ್ಲ. ಒಂದು, ಬಿಸಿಗೂಡಿನಲ್ಲಿ ಬೇಯಿಸಿ ಒಣಗಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಗ್ರೇಡ್ ಮಾಡುವುದು. ಇನ್ನೊಂದು, ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ ಬರೆದು ಅವಳು ನಾಲ್ಕು ಕವಡೆ ಕೈಗೆ ತೆಗೆದುಕೊಂಡಳೆಂದರೆ, ಎದುರಿಗೆ ಕೂರುವವರು ಯಾರೆಂಬುದೇ ದೊಡ್ಡ ಚರ್ಚೆ. ಅವಳಿಗೆ ಸರಿಸಾಟಿ ಎಂದರೆ ತಂಗಿ ಗುರುಶಾಂತಮ್ಮ ಒಬ್ಬಳೇ. ಅವಳನ್ನು ಮದುವೆ ಮಾಡಿ ಕೊಟ್ಟದ್ದು ಹ್ಯಾಂಡ್‌ಪೋಸ್ಟ್ ಎಂಬ ಊರಿಗೆ. ಹುಣಸೂರಿನಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಮಂಡಿ ನೋವು ಶುರುವಾದ ಮೇಲೆ ಇಬ್ಬರೂ ಆಟಕ್ಕೆ ಕೂತದ್ದು ವರ್ಷಕ್ಕೊಮ್ಮೆ.

2006ರಲ್ಲಿ ಅದಕ್ಕೊಂದು ದಾರಿಯಾಯಿತು. ಚಿಕ್ಕಬಸಮ್ಮನ ಅಳಿಯ ಮಹದೇವಪ್ರಸಾದ್ ಪಿರಿಯಾಪಟ್ಟಣದಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ. ಅತ್ತೆಯ ಆಸೆ ನೋಡಿ, ಇಂಟರ್ನೆಟ್ಟಿನಲ್ಲಿ ಆಡುವಂಥ ಚೌಕಾಬಾರವೊಂದನ್ನು ತಾನೇ ಸಿದ್ಧ ಮಾಡಿದ. ಗುರುಶಾಂತಮ್ಮನ ಸೊಸೆ ಹ್ಯಾಂಡ್‌ಪೋಸ್ಟ್‌ನ ಇಂಟರ್ನೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಾಗಾಗಿ ಭಾನುವಾರ ಮಧ್ಯಾಹ್ನ ಅಕ್ಕ ಅಳಿಯನ ಕೇಂದ್ರದಲ್ಲಿ, ತಂಗಿ ಸೊಸೆಯ ಅಂಗಡಿಯಲ್ಲಿ. ಪರದೆಯ ಮೇಲಿನ ಕವಡೆಯ ಚಿತ್ರ ಒತ್ತಿದರೆ ಒಂದು, ಎರಡು, ಮೂರು, ಚೌಕ ಇಲ್ಲವೇ ಬಾರ ಬೀಳುತ್ತಿತ್ತು. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ಕಾಯಿ ನಾಲ್ಕು ಮನೆ ನಡೆಯುತ್ತದೆ. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು ಮನೆ.

ಏಳು ಭಾನುವಾರದಲ್ಲಿ ಅಕ್ಕ ಆರು ಆಟ ಗೆದ್ದಳು. ಏಳನೆಯದು ಮುಗಿದ ಕೂಡಲೇ ತಂಗಿಯ ಫೋನು ಬಂತು.

“ಅಕ್ಕ, ಆ ಮಿಷನ್ನು ನಿನ್ನ ಅಳಿಯಂದು. ನಿಂಗೆ ಬೇಕಾದಾಗೆಲ್ಲ ಬಾರ ಆಕ್ತದೆ.”

“ಏನಂದೆ?”

“ಮೋಸ ಅಂದೆ. ನೀನು ಒಪ್ಕೊಳಗಂಟ ನಾನು ಆಟಕ್ಕೂ ಬರಾಕಿಲ್ಲ, ಮಾತಿಗೂ ಬರಾಕಿಲ್ಲ. ಬುಡು.”

ಮೂರು ವಾರ ಫೋನು ಬರಲಿಲ್ಲ. ಚಿಕ್ಕಬಸಮ್ಮ ಮಾಡಿದರೂ ಆ ಕಡೆ ಎತ್ತುತ್ತಿದ್ದುದು ಸೊಸೆ. ಅರವತ್ತು ವರ್ಷ ಜೊತೆಗೆ ಆಡಿದ ತಂಗಿಯ ಬಾಯಲ್ಲಿ ಮೋಸಗಾತಿ ಅನ್ನಿಸಿಕೊಂಡು ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಹೊಗೆಸೊಪ್ಪಿನ ಗ್ರೇಡಿನ ಬಗ್ಗೆ ತಕರಾರು ಬಂದರೆ ಅವಳು ಜಗಳವಾಡುತ್ತಿರಲಿಲ್ಲ. ಹೊರೆ ಬಿಚ್ಚಿ, ಒಂದೊಂದೇ ಎಲೆ ತೆಗೆದು, ಗುಡ್ಡೆ ಹಾಕಿ ತೋರಿಸುತ್ತಿದ್ದಳು. ಈಗಲೂ ಅದೇ ಮಾಡಿದಳು. ನಾಲ್ಕು ಕವಡೆ ಮತ್ತು ಒಂದು ಚೀಲ ಹುಣಸೆಬೀಜ ಹಿಡಿದು ಪಿರಿಯಾಪಟ್ಟಣದ ಬಸ್ಸು ಹತ್ತಿದಳು.

“ಅತ್ತೆ, ಕಂಪ್ಯೂಟರಿಗೆ ಅಕ್ಕ ಯಾರು, ತಂಗಿ ಯಾರು ಅಂತ ಗೊತ್ತೇ ಇಲ್ಲ,” ಎಂದ ಪ್ರಸಾದ್. “ಒಂದರಿಂದ ಬಾರದವರೆಗೆ ಐದಕ್ಕೂ ಸಮ ಅವಕಾಶ ಕೊಟ್ಟಿದೀನಿ. ನ್ಯಾಯ ಅಂದ್ರೆ ಅದೇ ತಾನೆ?”

“ಐದಕ್ಕೂ ಸಮನಾ? ಅದ್ಯಾವೂರ ಕವಡೆ ಕಣ್ರೀ, ಅಳಿಯಂದ್ರೆ?”

ಪ್ರಸಾದ್ ಅವಳ ಕವಡೆಯೊಂದನ್ನು ತಿರುಗಿಸಿ ನೋಡಿದ. ಆಮೇಲೆ ಕಾಗದ ತೆಗೆದು ಲೆಕ್ಕ ಹಾಕಿದ. ಒಂದು ಕವಡೆ ಎರಡು ರೀತಿ ಬೀಳಬಹುದು. ನಾಲ್ಕು ಸೇರಿದರೆ ಹದಿನಾರು ರೀತಿ. ಅದರಲ್ಲಿ ಬಾರಕ್ಕೆ ಒಂದೇ ದಾರಿ, ಚೌಕಕ್ಕೂ ಒಂದೇ. ಎರಡು ಬೀಳಲು ಆರು ದಾರಿ. “ಹದಿನಾರರ ಹತ್ತುಪಟ್ಟು, ನೂರ ಅರವತ್ತು ಕೈ ಕವಡೆ ಹಾಕಿ ನೋಡೋಣ,” ಎಂದ.

ಅವಳು ಮೇಜಿನ ಮೇಲೆ ಕವಡೆ ಹಾಕುತ್ತ ಹೋದಳು, ಅವನು ಪರದೆಯ ಮೇಲೆ ಒತ್ತುತ್ತ ಹೋದ. ಪ್ರತಿ ಕೈಗೂ ಒಂದು ಹುಣಸೆಬೀಜ, ಐದೈದು ಗುಡ್ಡೆ. ಊಟದ ಹೊತ್ತಿಗೆ ಎಣಿಸಿದರು. ಕವಡೆಯದು: ಎರಡು ಬಿದ್ದದ್ದು ಅರವತ್ತೆರಡು ಸಲ, ಚೌಕ ಹನ್ನೊಂದು, ಬಾರ ಬರೀ ಎಂಟು. ಕಂಪ್ಯೂಟರಿನದು: ಎರಡು ಮೂವತ್ತು, ಚೌಕ ಮೂವತ್ತೊಂದು, ಬಾರ ಮೂವತ್ತೆರಡು.

“ತಪ್ಪು ನಂದೇ, ಅತ್ತೆ. ಐದು ಮುಖದ ದಾಳ ಮಾಡಿ ಕವಡೆ ಅಂತ ಹೆಸರಿಟ್ಟುಬಿಟ್ಟೆ. ಆದ್ರೆ ನಿಮಗೂ ಅಷ್ಟೇ, ಅವರಿಗೂ ಅಷ್ಟೇ. ಮೋಸ ಇಲ್ಲ.”

ಚಿಕ್ಕಬಸಮ್ಮ ಬಾರದ ಗುಡ್ಡೆಯನ್ನೇ ನೋಡುತ್ತಿದ್ದಳು. ಇಬ್ಬರಿಗೂ ಸಮ ಎಂದರೆ ಆರು ಆಟ ತಾನೇ ಗೆದ್ದದ್ದು ಹೇಗೆ? ಅವಳಿಗೆ ಗೊತ್ತಿತ್ತು. ಮೂರನೇ ವಾರದ ಹೊತ್ತಿಗೆ, ಈ ಮಿಷನ್ನಿನಲ್ಲಿ ಬಾರ ಧಾರಾಳ ಎಂದು ಅವಳ ಕಣ್ಣು ಗುರುತಿಸಿತ್ತು. ತಂಗಿ ಮಾತ್ರ ಬಾರ ಅಪರೂಪವೆಂಬ ಹಳೆಯ ಲೆಕ್ಕದಲ್ಲೇ, ಎದುರಾಳಿಗಿಂತ ಎಂಟು ಮನೆ ಮುಂದೆ ಕಾಯಿ ಇಟ್ಟು ನಿಶ್ಚಿಂತೆಯಿಂದಿರುತ್ತಿದ್ದಳು. ಇವಳು ಕಾದು ಕೂತು ಬಾರ ಬಿದ್ದಾಗ ಆ ಕಾಯಿ ಕಡಿದು ಹಿಂದಕ್ಕೆ ಕಳಿಸುತ್ತಿದ್ದಳು. ಸುಳ್ಳು ಹೇಳಿರಲಿಲ್ಲ, ಗೊತ್ತಾದದ್ದನ್ನು ಹೇಳಿರಲೂ ಇಲ್ಲ.

ಪ್ರಸಾದ್ ಆಟವನ್ನು ತಿದ್ದಿದ. ಈಗ ನಾಲ್ಕು ಕವಡೆಯೂ ಬೇರೆ ಬೇರೆಯಾಗಿ ಬೀಳಬೇಕು, ಬಾಯಿ ಎಣಿಸಿ ಮನೆ ಹೇಳಬೇಕು. ಮತ್ತೆ ನೂರ ಅರವತ್ತು ಕೈ. ಬಾರ ಒಂಬತ್ತು.

“ಇದ್ರೊಳಗೆ ಕೈಯೇ ಇಲ್ವಲ್ಲ, ಬೀಳಿಸೋರು ಯಾರು?” ಎಂದು ಅವಳು ಕೇಳಿದಳು.

“ಒಂದು ಸೂತ್ರ ಅದೆ, ಅತ್ತೆ. ಶುರು ಮಾಡಿದಾಗಿನ ಗಡಿಯಾರದ ಹೊತ್ತು ಹಿಡಿದು ಲೆಕ್ಕ ಹಾಕ್ತಾ ಹೋಗ್ತದೆ. ನಿಜ ಹೇಳ್ಬೇಕು ಅಂದ್ರೆ ಅದು ಪೂರಾ ಅದೃಷ್ಟ ಅಲ್ಲ. ಸೂತ್ರ, ಶುರುವಾದ ಹೊತ್ತು ಎರಡೂ ಗೊತ್ತಿದ್ದೋರು ಮುಂದಿನ ಕೈ ಹೇಳಬಹುದು.”

“ನೀವು ಹೇಳ್ತೀರಾ?”

“ಇಲ್ಲಿ ಕೂತು ನನ್ನ ಕೈಲಾಗಲ್ಲ.”

“ಅಷ್ಟಾದ್ರೆ ಸಾಕು ಕಣ್ರೀ. ನಮ್ಮ ಗುರುಶಾಂತಿ ಎರಡು ಕವಡೆ ಬೆರಳ ಸಂದೀಲಿ ಒತ್ತಿಡ್ಕೊಂಡು, ಬೇಕಾದ್ದೇ ಬೀಳಂಗೆ ಜಾರ್ಸೋದ ನೀವು ನೋಡಿಲ್ಲ.”

ಅಲ್ಲಿಂದಲೇ ಫೋನು ಮಾಡಿದಳು. ಸೊಸೆ ಎತ್ತಿದಾಗ, “ನಿಮ್ಮತ್ತೆ ಮಾತಾಡದಿದ್ರೆ ಬ್ಯಾಡ, ಕೇಳಿಸ್ಕೊಳಕ್ಕೇಳು,” ಎಂದಳು. ಐದು ಗುಡ್ಡೆಯ ಲೆಕ್ಕ ಹೇಳಿದಳು. ಆಮೇಲೆ ದನಿ ತಗ್ಗಿಸದೆ ಉಳಿದದ್ದನ್ನೂ ಹೇಳಿದಳು. “ಮಿಷನ್ನು ಮೋಸ ಮಾಡಿಲ್ಲ ಕಣೆ. ಆದ್ರೆ ಬಾರ ಜಾಸ್ತಿ ಅಂತ ನಂಗೆ ಮೂರನೇ ವಾರವೇ ಗೊತ್ತಾಯ್ತು. ನಿಂಗೆ ಯೋಳ್ಲಿಲ್ಲ. ಅದು ನನ್ನ ತಪ್ಪು. ಆಟ ಎಲ್ಲಾನೂವೆ ಅಳಿಸಾಕಿಸ್ತೀನಿ.”

ಆ ಕಡೆ ಫೋನು ಕೈ ಬದಲಾಯಿತು. ಆಮೇಲೆ ಗುರುಶಾಂತಮ್ಮನ ದನಿಯೇ ಬಂತು. “ಎಲ್ಲಾನೂ ಯಾಕಕ್ಕ? ಎರಡನೇ ವಾರ ನಾನು ಗೆದ್ದಿದ್ದೆ. ಆವಾಗ ನಿಂಗಿನ್ನೂ ಗೊತ್ತಿರಲಿಲ್ವಲ್ಲ!”

“ಅಂಗಾರೆ ಮೊದಲ್ನೇ ವಾರದ್ದು ನಂಗೆ ಉಳೀತದೆ.”

“ಉಳೀಲಿ ಬುಡು. ಒಂದಕ್ಕೊಂದು.”

“ಒಂದಕ್ಕೊಂದು,” ಎಂದು ಚಿಕ್ಕಬಸಮ್ಮ ಅಳಿಯನ ಕಡೆ ಬೆರಳು ತೋರಿಸಿದಳು. ಪ್ರಸಾದ್ ಹಾಗೆಯೇ ಬರೆದುಕೊಂಡ.