ಹೆಸರಿಲ್ಲದ ಲಕೋಟೆ

ಶನಿವಾರ ಬೆಳಿಗ್ಗೆ ಹತ್ತು ಗಂಟೆ, ಪರದೇಶದ ನಮ್ಮ ಬಡಾವಣೆ ಕೆಲ್ಲಿವಿಲ್. ಹಾಜರಿದ್ದವರು ಇಲ್ಲಿನ ನಗರಸಭೆಗೆ ಆರಿಸಿಬಂದ ನಮ್ಮ ಕೌನ್ಸಿಲರ್, ನಾನು ಮತ್ತು ಹುಬ್ಬಳ್ಳಿಯ ಹಿರಿಯರೊಬ್ಬರು. ಬಿಲ್ಡರೊಬ್ಬ ಕೌನ್ಸಿಲರಮ್ಮನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದ್ದ. ವಕೀಲರ ಖರ್ಚಿನ ನಿಧಿಗೆ ಅಂದೇ ಕೊನೆಯ ದಿನ. ಸಾಲದಿದ್ದರೆ ಆಕೆ ಮನೆ ಮಾರಬೇಕಿತ್ತು. ಯಾರೇ ಹಣ ಕೊಡಬಂದರೂ ಆಕೆ ಕನ್ನಡಕ ಹಣೆಗೇರಿಸಿ, "ಮೊದ್ಲ ಹೆಸರು ಹೇಳ್ರಿ" ಎನ್ನುತ್ತಿದ್ದರು.

ಹಿರಿಯರು ಅರಿಶಿನ ಹಚ್ಚಿದ ದಪ್ಪ ಲಕೋಟೆ ಇಟ್ಟರು. "ಗುಪ್ತದಾನ ತಂಗಿ. ಕೊಟ್ಟವರ ಹೆಸರು ಹೇಳಿದ್ರ ಅವರ ಪುಣ್ಯ ಹೋಗ್ತದ."

"ಹೇಳ್ಲಿಲ್ಲಂದ್ರ ನನ್ನ ಕುರ್ಚಿ ಹೋಗ್ತದ, ಕಾಕಾ. ಯಾರ ರೊಕ್ಕ ಅಂತ ಎಲ್ಲಾರಿಗೂ ಗೊತ್ತಿರಬೇಕು, ಇಲ್ಲಿ ರೂಲ್ ಅದು."

"ದೇವರಿಗೆ ಗೊತ್ತದ ಬಿಡು."

"ದೇವರು ವೋಟ್ ಹಾಕಂಗಿಲ್ರಿ."

ಹಿರಿಯರು ನಕ್ಕರು, ಹೆಸರು ಮಾತ್ರ ಹೇಳಲಿಲ್ಲ. ಆಕೆ ಲಕೋಟೆಯನ್ನು ಅವರ ಕೋಟಿನ ಜೇಬಿಗೇ ಮರಳಿಸಿ, ಚಹಾ ಕೊಟ್ಟು ಕಳಿಸಿದರು.

ಸಂಜೆಯಾದರೂ ನಿಧಿ ತುಂಬಲಿಲ್ಲ; ಮೊದಲೇ ಹೇಳಿಟ್ಟಿದ್ದ ಮನೆ ಮಾರಾಟದ ಏಜೆಂಟ್ 'ಫಾರ್ ಸೇಲ್' ಬೋರ್ಡ್ ತಂದ. ಅದನ್ನು ನೆಡುವಾಗ ಕಂಬವನ್ನು ನೆಟ್ಟಗೆ ಹಿಡಿದು ನಿಂತವರು ಆಕೆಯೇ.