ಕಾಡುಹಂದಿ ಎಣಿಸಲು ಹೋದದ್ದು

ನನಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ. ಬೊರಿವಲಿಯಲ್ಲಿ ಇಪ್ಪತ್ತು ವರ್ಷಗಳಿಂದ ಇಡ್ಲಿ ದೋಸೆಯ ಹೋಟೆಲು ನಡೆಸುವ ನಾನು, ಒಂದು ಭಾನುವಾರ ಬೆಳಿಗ್ಗೆ ಪಕ್ಕದ ನ್ಯಾಷನಲ್ ಪಾರ್ಕಿನ ಕಾಡಿನಲ್ಲಿ ಮಂಡಿಯೂರಿ ಹಂದಿಯ ಲದ್ದಿ ಕೆದಕುತ್ತ ಕೂತದ್ದು ಈ ಚಟದಿಂದಲೇ. ಹೊರಡುವಾಗ ಹೆಂಡತಿ, "ನಿಮ್ಮ ಮಂಡೆ ಸಮ ಉಂಟಾ?" ಎಂದು ಕೇಳಿದ್ದಳು.

ಶುರುವಾದದ್ದು ನಮ್ಮ ಹೋಟೆಲಿಗೆ ಕೊತ್ತಂಬರಿ, ಪಾಲಕ್ ತಂದುಕೊಡುವ ಹೆಂಗಸಿನಿಂದ. ಅವಳು ವಿಜಯಪುರದ ಕಡೆಯವಳು. ಗಂಡನ ಜೊತೆ ಬಿಲ್ಡಿಂಗ್ ಕೆಲಸಕ್ಕೆ ಬಂದು, ಆಮೇಲೆ ಕಾಡಿನ ಬೇಲಿಗೆ ತಾಗಿದ ತುಂಡು ಜಾಗವನ್ನು ಬಾಡಿಗೆಗೆ ಹಿಡಿದು ಸೊಪ್ಪು ಬೆಳೆಯುತ್ತಿದ್ದಳು. ಒಂದು ದಿನ ಬರಿಗೈಯಲ್ಲಿ ಬಂದು ಕೌಂಟರಿನ ಮುಂದೆ ನಿಂತಳು.

"ಹಂದಿ ಹೊಕ್ಕು ಎಲ್ಲಾ ಹಾಳ ಮಾಡ್ಯಾವ್ರಿ ಅಣ್ಣಾರ. ಹೊಡ್ಯಾಕ ಫಾರೆಸ್ಟಿನವ್ರ ಕಡೆ ಪರ್ಮಿಶನ್ ಕೇಳೀನಿ. ಮೊದಲ ಎಣಸ್ತೀವಿ, ಆಮ್ಯಾಲ ನೋಡೂಣು ಅಂದಾರ. ಈ ಸಲಾನೂ ಹಿಂಗ ಆದ್ರ ಜಾಗಾ ಬಿಟ್ಟು ಮತ್ತ ಇಟ್ಟಂಗಿ ಹೊರಾಕ ಹೋಗೂದ ನೋಡ್ರಿ."

ಎಣಿಸುತ್ತಾರೆ ಎಂಬ ಮಾತಿಗೆ ನನ್ನ ಕಿವಿ ನೆಟ್ಟಗಾಯಿತು. ಹಂದಿಯನ್ನು ಎಣಿಸುವುದು ಹೇಗೆ? ಅವೇನು ಟಿಕೆಟ್ ಕಿಟಕಿಯ ಮುಂದೆ ಸಾಲು ನಿಲ್ಲುತ್ತವೆಯೇ? ಊರಿನಲ್ಲಿ ನಮ್ಮ ಹಿರಿಯರು ಹಂದಿಬೇಟೆಗೆ ಹೋಗುತ್ತಿದ್ದ ಕಾಲದಲ್ಲಿ ಕಾಡಿನಲ್ಲಿ ಎಷ್ಟು ಉಳಿದಿವೆ ಎಂದು ಯಾರೂ ಕೇಳಿದ್ದಿಲ್ಲ; ಮಾಂಸದ ಪಾಲು ಎಷ್ಟು ಬಂತು ಎಂಬುದಷ್ಟೇ ಸುದ್ದಿ. ಎಣಿಕೆಗೆ ಸ್ವಯಂಸೇವಕರು ಬೇಕಂತೆ ಎಂದು ತಿಳಿದದ್ದೇ ಹೆಸರು ಕೊಟ್ಟೆ.

ನಮ್ಮ ತಂಡದ ಮುಂದಾಳು ವಿಲೆ ಪಾರ್ಲೆಯ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಅಪ್ಪ ಅಮ್ಮ ಮಂಗಳೂರಿನವರು. ಅವಳ ಕನ್ನಡ ಮಾತ್ರ ಸ್ಲೋ ಲೋಕಲ್ ರೈಲಿನ ಹಾಗೆ ನಿಂತು ನಿಂತು ಬರುತ್ತಿತ್ತು.

"ಅಂಕಲ್, ಹಂದಿ ಕಾಣೋದಿಲ್ಲ. ಅದರ... ನಿಶಾನ್ ಕಾಣ್ತದೆ. ಅದೇ ಎಣಿಸೋದು."

ಸೀದಾ ಗೆರೆಯಲ್ಲಿ ನಡೆಯಬೇಕು. ನೂರು ಹೆಜ್ಜೆಗೊಮ್ಮೆ ನಿಂತು, ಹಗ್ಗದಿಂದ ಒಂದು ವೃತ್ತ ಹಾಕಿ, ಅದರೊಳಗಿನ ಹಿಕ್ಕೆ, ಲದ್ದಿ, ಗೊರಸಿನ ಗುರುತು ಎಣಿಸಿ ಫಾರ್ಮಿನಲ್ಲಿ ಬರೆಯಬೇಕು. ಏನೂ ಇಲ್ಲದಿದ್ದರೆ ಸೊನ್ನೆ. ಮೂರು ವೃತ್ತ ಸಾಲಾಗಿ ಸೊನ್ನೆ ಬಂದಾಗ ನನಗೆ ತಡೆಯಲಾಗಲಿಲ್ಲ. ಆ ಹೆಂಗಸಿನ ಮುಖವೇ ಕಣ್ಣೆದುರು.

"ಎರಡು ಅಂತ ಬರೆಯುವ ಮಾರಾಯ್ತಿ, ಯಾರು ನೋಡ್ತಾರೆ?"

"ಗಲತ್ ಆಗ್ತದೆ ಅಂಕಲ್. ಕಮ್ಮಿ ಇದ್ದಾಗ ಹೊಡೆದ್ರೆ ಚಿರತೆಗೆ ಊಟ ಇಲ್ಲ. ಮತ್ತೆ ಅದು ನಾಯಿ ಹಿಡೀಲಿಕ್ಕೆ ಬಿಲ್ಡಿಂಗ್ ಕಡೆ ಬರ್ತದೆ."

ನಾನು ತೆಪ್ಪಗೆ ಸೊನ್ನೆ ಬರೆದೆ.

ಕಾಡಿನ ಒಳಗೆಲ್ಲ ಹಂದಿಯ ಗುರುತು ಅಲ್ಲೊಂದು ಇಲ್ಲೊಂದು. ಜಿಂಕೆಯ ಹಿಕ್ಕೆ ಕಡಲೆಯಷ್ಟು, ಕಡವೆಯದು ಅದಕ್ಕಿಂತ ದಪ್ಪ ಎಂದು ಕಲಿತು, ಈ ವಯಸ್ಸಿನಲ್ಲಿ ಶಾಲೆಯ ಹುಡುಗನ ಹಾಗೆ ಹಿಗ್ಗಿದೆ. ಆದರೆ ಬೇಲಿಯ ಹತ್ತಿರ ಬಂದಂತೆ ಅಯ್ಯಯ್ಯೋ, ಕಾಲಿಡಲು ಜಾಗವಿಲ್ಲದಷ್ಟು ಹಂದಿಯ ಲದ್ದಿ! ಒಳಗಿಲ್ಲದ ಹಂದಿಗಳು ಇಲ್ಲೇ ಯಾಕೆ ಸೇರಿವೆ? ಏನು ತಿಂದಿರಬಹುದು? ಹುಡುಗಿ ಬೇಡ ಎನ್ನುವುದರೊಳಗೆ ನಾನು ಕೂತು ಕಡ್ಡಿಯಿಂದ ಕೆದಕಿದ್ದೆ.

ಒಂದು ಪ್ಲಾಸ್ಟಿಕ್ ಚೂರು ಸಿಕ್ಕಿತು. ಅದಕ್ಕೆ ಬಿಗಿದು ಸುತ್ತಿದ ಕೆಂಪು ನೂಲು.

ಪಾರ್ಸೆಲ್ ಸಾಂಬಾರಿನ ಕವರಿಗೆ ಸುತ್ತಮುತ್ತಲಿನ ಹೋಟೆಲಿನವರೆಲ್ಲ ಬಿಳಿ ನೂಲು ಸುತ್ತುತ್ತಾರೆ. ನಮ್ಮದೆಂದು ಗುರುತಾಗಲಿ ಎಂದು ನಾನೊಬ್ಬನೇ ಕೆಂಪು ನೂಲು ತರಿಸುತ್ತಿದ್ದೆ, ಅದರ ಬಗ್ಗೆ ಜಂಬ ಬೇರೆ. ಇನ್ನೊಂದು ಲದ್ದಿ ಕೆದಕಿದೆ, ಮತ್ತೊಂದು ಕೆದಕಿದೆ. ಅವುಗಳಲ್ಲೂ ಕೆಂಪು ನೂಲು. ದಿನವೂ ಉಳಿದ ಸಾಂಬಾರಿನ ಕವರುಗಳು ಕಟ್ಟಿದ ಹಾಗೆಯೇ ಅನ್ನ, ಎಂಜಲು ಬಾಳೆಲೆಯ ಜೊತೆ ಕಸಕ್ಕೆ ಹೋಗುತ್ತಿದ್ದವು. ಒಯ್ಯಲು ಒಬ್ಬ ಟೆಂಪೋದವನಿದ್ದ. ಅವನು ಎಲ್ಲಿ ಸುರಿಯುತ್ತಾನೆಂದು, ಎಲ್ಲದರಲ್ಲೂ ಮೂಗು ತೂರಿಸುವ ನಾನು ಒಂದು ದಿನವೂ ಕೇಳಿರಲಿಲ್ಲ. ಬೇಲಿ ಹರಿದಿದ್ದ ಕಡೆಯಿಂದ ಆಚೆ ಇಣುಕಿದರೆ ಗುಂಡಿಯ ತುಂಬ ಅನ್ನ, ಎಲೆ, ಕವರು. ಅದರ ಪಕ್ಕದಲ್ಲೇ ಅವಳ ಪಾಲಕಿನ ಮಡಿ.

ಮಡಿಯಲ್ಲಿ ಕೂತು ಮಣ್ಣು ಸರಿ ಮಾಡುತ್ತಿದ್ದವಳು ನನ್ನನ್ನು ಕಂಡು ಎದ್ದು ಬಂದಳು. "ಭಾಳ ಅದಾವಲ್ರಿ? ಭಾಳ ಅಂತ ಬರದ್ರಿಲ್ಲೋ?"

ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಆಸೆಯೂ ಒಂದು ಗಳಿಗೆ ಬಂದು ಹೋಯಿತು, ಸುಳ್ಳು ಯಾಕೆ ಹೇಳಲಿ.

"ಕಾಡಲ್ಲಿ ಜಾಸ್ತಿ ಇಲ್ಲ ತಂಗಿ, ಇಲ್ಲಿ ಮಾತ್ರ ಉಂಟು. ಅವು ಬರುವುದು ನಿನ್ನ ಸೊಪ್ಪಿಗಲ್ಲ, ನನ್ನ ಹೋಟೆಲಿನ ಅನ್ನಕ್ಕೆ," ಎಂದು ನೂಲು ತೋರಿಸಿದೆ. ಅದು ಅವಳಿಗೆ ಗೊತ್ತಿದ್ದ ನೂಲು. ಸೊಪ್ಪು ಕೊಟ್ಟು ಹೋಗುವಾಗ ಮಕ್ಕಳಿಗೆಂದು ಅವಳು ಒಯ್ಯುತ್ತಿದ್ದ ಸಾಂಬಾರಿಗೂ ಅದನ್ನೇ ಸುತ್ತಿರುತ್ತಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನೂಲನ್ನು ನೋಡಿ, ನನ್ನನ್ನು ನೋಡಿ ಕೇಳಿದಳು:

"ಹಂಗಾದ್ರ ಯಾರನ್ನ ಹೊಡ್ಯಾಕ ಪರ್ಮಿಶನ್ ಕೇಳ್ಬೇಕ್ರಿ ಅಣ್ಣಾರ?"

ಹುಡುಗಿಯ ಕೈಯಿಂದ ಫಾರ್ಮ್ ಇಸಿದುಕೊಂಡೆ. ಹಂದಿಗಳ ಆಹಾರ ಎಂಬ ಕಾಲಂ ಅಲ್ಲಿಯವರೆಗೆ ಖಾಲಿಯಿತ್ತು. ಅದರಲ್ಲಿ ನನ್ನ ಹೋಟೆಲಿನ ಹೆಸರನ್ನು ಪೂರ್ತಿಯಾಗಿ ಬರೆದು, ಕೆಳಗೆ ಸಹಿ ಹಾಕಿದೆ.