ಕಲ್ಯಾಣಿಯಕ್ಕ ಹಾಕಿದ ಕೂ

1962ರಲ್ಲಿ ನಾನು ಬಂಟ್ವಾಳ ತಾಲೂಕಿನಲ್ಲಿ ಸರಕಾರಿ ಮಿಡ್‌ವೈಫ್ ಆಗಿದ್ದೆ. ಮನೆಮನೆಗೆ ನಡೆದುಹೋಗಿ ಹೆರಿಗೆ ಮಾಡಿಸುವುದು ಕೆಲಸ. ಊರವರಿಗೆ ನಾನು ನರ್ಸಮ್ಮ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ನರಿಕೊಂಬಿನ ಕಲ್ಯಾಣಿಯಕ್ಕ ನನ್ನ ಕ್ವಾರ್ಟರ್ಸಿಗೆ ಓಡಿಬಂದರು. ಬೇನೆ ತಿನ್ನುತ್ತಿದ್ದ ಸೊಸೆ ಸುಶೀಲಳನ್ನು ಒಬ್ಬಳನ್ನೇ ಬಿಟ್ಟು ಬಂದಿದ್ದರು. ಮಗ ಬೊಂಬಾಯಿಯ ಹೋಟೆಲಿನಲ್ಲಿದ್ದ.

ಹೋಗಿ ಹೊಟ್ಟೆ ಮುಟ್ಟಿ ನೋಡಿದೆ. ಮಗು ಅಡ್ಡಲಾಗಿ ಮಲಗಿತ್ತು. ಇದಕ್ಕೆ ಟ್ರಾನ್ಸ್‌ವರ್ಸ್ ಲೈ ಎನ್ನುತ್ತಾರೆ. ಡಾಕ್ಟರಿಲ್ಲದೆ ಇಂಥ ಹೆರಿಗೆ ಆಗುವುದಿಲ್ಲ. ತಡವಾದರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಆಸ್ಪತ್ರೆ ಇದ್ದದ್ದು ಹೊಳೆಯಾಚೆ. ಅವಳನ್ನು ಹೊತ್ತು ಗುಡ್ಡೆ ಇಳಿಸಲು ಗಂಡಸರು ಬೇಕು, ದಾಟಿಸಲು ದೋಣಿ ಬೇಕು.

ನಮ್ಮಲ್ಲಿ ಒಂದು ಮನೆ ಈ ಗುಡ್ಡೆಯಲ್ಲಿದ್ದರೆ ಇನ್ನೊಂದು ಗದ್ದೆಯಾಚೆ. ಆಪತ್ತು ಬಂದರೆ ಅಂಗಳದ ತುದಿಯಲ್ಲಿ ನಿಂತು ‘ಕೂ’ ಹಾಕುವುದು ರೂಢಿ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಆದರೆ ಕೂ ಹಾಕಬೇಕಾದವರು ಮನೆಯವರೇ. ಅಲ್ಲಿಗೆ ಹತ್ತಿರವಿದ್ದುದು ದೂಮಣ್ಣನ ಮನೆ. ಅವರಿಗೆ ದೋಣಿಯಿತ್ತು, ಗಟ್ಟಿಮುಟ್ಟಾದ ಇಬ್ಬರು ತಮ್ಮಂದಿರಿದ್ದರು. ಗದ್ದೆಗೆ ನೀರು ತಿರುಗಿಸುವ ಜಗಳದಲ್ಲಿ ಎರಡು ಮನೆಗಳ ನಡುವೆ ಮಾತು ನಿಂತು ವರ್ಷಗಳಾಗಿದ್ದವು.

“ಅವರ ಹತ್ತಿರ ನಾನು ಕೇಳುವುದಿಲ್ಲ” ಎಂದರು ಕಲ್ಯಾಣಿಯಕ್ಕ.

“ಹಾಗಾದರೆ ನಾನು ಹೋಗಿ ಕೇಳ್ತೇನೆ.”

“ಬೇಡ ನರ್ಸಮ್ಮ. ನಮಗೂ ಒಂದು ಮರ್ಯಾದೆ ಉಂಟು.”

ನನಗೆ ಮೈ ಉರಿಯಿತು. ಆ ಮರ್ಯಾದೆಯನ್ನೇ ತೊಟ್ಟಿಲಲ್ಲಿ ಹಾಕಿ ತೂಗುತ್ತೀರಾ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಸುಶೀಲ ನೋವಿನ ನಡುವೆಯೇ ಕೇಳಿದಳು:

“ಅತ್ತೆ, ನಾನೇ ಕೂ ಹಾಕುವುದಾ?”

ಕಲ್ಯಾಣಿಯಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದರು. ಮೊದಲ ಸಲ ಸ್ವರವೇ ಹೊರಡಲಿಲ್ಲ. ಮತ್ತೆ ಹಾಕಿದ ಕೂ ಹೊಳೆಯಾಚೆಗೂ ಕೇಳಿರಬೇಕು.

ಉತ್ತರ ಬಂದದ್ದು ಬೇಲಿಯ ಹಿಂದಿನಿಂದ. ದೂಮಣ್ಣ ಮತ್ತು ತಮ್ಮಂದಿರು ಕುರ್ಚಿಯೊಂದಕ್ಕೆ ಬಿದಿರು ಕಟ್ಟಿ, ಹೊರಲು ತಯಾರಾಗಿಯೇ ನಿಂತಿದ್ದರು.

“ಯಾವಾಗ ಬಂದದ್ದು?” ಕಲ್ಯಾಣಿಯಕ್ಕ ಕೇಳಿದರು.

“ನೀವು ನರ್ಸಮ್ಮನನ್ನು ಕರ್ಕೊಂಡು ಬರುವಾಗಲೇ. ಕರೆಯದೆ ಒಳಗೆ ಬರುವುದು ಹೇಗೆ, ಅಕ್ಕ?”

ಕಲ್ಯಾಣಿಯಕ್ಕ ಅತ್ತುಬಿಟ್ಟರು. ನನಗೂ ಕಣ್ಣು ತುಂಬಿತು, ಆದರೆ ಅಳಲು ಪುರುಸೊತ್ತಿರಲಿಲ್ಲ. ಮಧ್ಯಾಹ್ನದೊಳಗೆ ಹೊಳೆ ದಾಟಿದೆವು. ಡಾಕ್ಟರು ಮಗುವನ್ನು ಒಳಗೇ ತಿರುಗಿಸಿ ಹೊರತೆಗೆದರು. ಹೆಣ್ಣು ಮಗು. ತಾಯಿಯೂ ಉಳಿದಳು. ಆಸ್ಪತ್ರೆಯ ಜಗಲಿಯಲ್ಲಿ ಮಗುವನ್ನು ಮೊದಲು ಎತ್ತಿಕೊಂಡವರು ದೂಮಣ್ಣ. ಕಲ್ಯಾಣಿಯಕ್ಕನೇ ಅವರ ಕೈಗೆ ಕೊಟ್ಟರು.

ಕೇಳಿದರೆ ಸಣ್ಣವರಾಗುತ್ತೇವೆ ಎಂದು ನಾವು ಹೆದರುತ್ತೇವೆ. ಆಚೆ ಮನೆಯವರು ನಮ್ಮ ಒಂದು ಮಾತಿಗೆ ಕಾದು ನಿಂತಿರಬಹುದು ಎಂಬುದನ್ನು ನನಗೆ ಕಲಿಸಿದ್ದು ಆ ಬೆಳಿಗ್ಗೆ. ಆಮೇಲೆ ಬೆಳ್ತಂಗಡಿಗೆ, ಮೂಡುಬಿದಿರೆಗೆ ವರ್ಗವಾದಾಗಲೂ ಬಸುರಿಯರಿರುವ ಮನೆಗೆ ಹೋದರೆ ಕೇಳುತ್ತಿದ್ದೆ: “ಅವಸರಕ್ಕೆ ಯಾರನ್ನು ಕರೀತೀರಿ?” ಅದಾದ ಮೇಲೆ, “ಯಾರ ಹತ್ತಿರ ಮಾತು ಬಿಟ್ಟಿದ್ದೀರಿ?” ಕೆಲವರಿಗೆ ಸಿಟ್ಟು ಬರುತ್ತಿತ್ತು. ಬರಲಿ. ಮಾತು ಬಿಟ್ಟ ಆ ಮನೆ ಯಾವ ದಿಕ್ಕಿಗಿದೆ ಎಂದು ನೋಡಿಕೊಂಡೇ ನಾನು ಹಿಂತಿರುಗುತ್ತಿದ್ದೆ.